ಹತ್ತು ವರ್ಷ ದಾಟಿದ ಪಿಕಪ್: ಬಾನೆಟ್ ಆಮೇಲೆ ಎತ್ತಿ, ಮೊದಲು ಕೆಳಗೆ ಬಗ್ಗಿ ನೋಡಿ

ನನ್ನದು 2014ರ ಮಾಡೆಲ್ ಡೀಸೆಲ್ ಪಿಕಪ್. ಗಂಗಾವತಿಯಲ್ಲಿ ಬಾಡಿಗೆಗೆ ಓಡುತ್ತದೆ. ಶೋರೂಮಿನಿಂದ ಇಳಿಸಿದ ದಿನದಿಂದ ನನ್ನ ಹೆಸರಲ್ಲೇ ಇದೆ. ಸುಗ್ಗಿಯಲ್ಲಿ ಕ್ಯಾಂಪ್‌ಗಳಿಂದ (ಕಾಲುವೆ ನೀರಾವರಿಯ ರೈತರ ಊರುಗಳು) ರೈಸ್ ಮಿಲ್‌ಗೆ ನೆಲ್ಲು (ಭತ್ತ), ನಾಟಿ ಶುರುವಾದರೆ ಗೊಬ್ಬರ, ಮಿಕ್ಕ ದಿನ ಸಿಮೆಂಟು, ಮದುವೆ ಸಾಮಾನು. ಒಮ್ಮೊಮ್ಮೆ ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಬಾಡಿಗೆಯೂ ಸಿಗುತ್ತದೆ. ಕಂಪನಿ ಹೆಸರು ಬೇಡ. ಇಲ್ಲಿ ಹೇಳುವ ತೊಂದರೆಗಳು ಈ ಸೈಜಿನ ಯಾವ ಗಾಡಿಗಾದರೂ ಬರುವಂಥವೇ.

ಎಂಜಿನ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ನಾಲ್ಕು ಸಿಲಿಂಡರ್, ಟರ್ಬೊ ಇದೆ, ಇನ್ನೂ ಬಿಚ್ಚಿಸಿಲ್ಲ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆಯಿಲ್ ಸ್ವಲ್ಪ ಕುಡಿಯುತ್ತದೆ, ಲೋಡ್ ಇದ್ದಾಗ ಸ್ವಲ್ಪ ಹೊಗೆ, ಅಷ್ಟೇ. ಹಳೆ ಗಾಡಿ ಕೊಳ್ಳಲು ಬರುವವರು ಬಾನೆಟ್ ಎತ್ತುತ್ತಾರೆ, ರೇಸ್ ಕೊಡಿಸುತ್ತಾರೆ, ಹೊಗೆ ನೋಡುತ್ತಾರೆ, ರೇಟು ಕೇಳುತ್ತಾರೆ. ಕೆಳಗೆ ಬಗ್ಗುವವರು ಕಡಿಮೆ. ನಮ್ಮ ಗ್ಯಾರೇಜ್ ಮೇಸ್ತ್ರಿ ಹೋದ ವರ್ಷವೇ ಹೇಳಿದ್ದರು: "ಎಂಜಿನ್ ಗಟ್ಟಿ ಐತ್ರಿ ಅಣ್ಣಾರ, ಗಾಡಿ ಸೋತೈತಿ."

ಸೋತಿದ್ದು ಮೊದಲು ಬಾಡಿ, ಅಂದರೆ ಹಿಂದೆ ಸಾಮಾನು ಹೇರುವ ಭಾಗ. ಮೇಲಿನಿಂದ ನೋಡಿದರೆ ತಗಡಿಗೆ ಏನೂ ಆಗಿಲ್ಲ, ಪೇಂಟ್ ಕೂಡ ಇದೆ. ಗಾಡಿ ಕೆಳಗೆ ಮಲಗಿ, ಅಡ್ಡಪಟ್ಟಿಯ ಮೇಲೆ ತಗಡು ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಮೊನೆ ಇಟ್ಟು ಒತ್ತಬೇಕು. ನನ್ನ ಗಾಡಿಯಲ್ಲಿ ಹಿಂದಿನ ಟೈರಿನ ಮೇಲ್ಭಾಗದಲ್ಲಿ ಮೊನೆ ಸೀದಾ ಒಳಗೆ ಹೋಯಿತು. ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಕಿತ್ತು ಬಂತು. ಕಾರಣ ಮಳೆಯಲ್ಲ, ಗೊಬ್ಬರ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯೇ. ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಚೀಲ ಹರಿದು ಚೆಲ್ಲಿದ್ದು ಸಂದಿಯಲ್ಲಿ ಸೇರಿ, ಅದರ ಮೇಲೆ ಹಸಿ ನೆಲ್ಲಿನ ತೇವವೂ ಬಿದ್ದರೆ ಕಬ್ಬಿಣ ತಿನ್ನಲು ಬೇರೇನೂ ಬೇಡ. ಗುಡಿಸಿದರೆ ಸಾಲದು, ಗೊಬ್ಬರ ಇಳಿಸಿದ ದಿನವೇ ನೀರು ಹೊಡೆದು ತೊಳೆಯಬೇಕು. ಆಮೇಲೆ ಹಿಂದಿನ ಬಾಗಿಲು ಬಿಚ್ಚಿಟ್ಟು ಒಣಗಲು ಬಿಡಬೇಕು. ಪೂರ್ತಿ ತಗಡು ಬದಲಿಸಿ ಅಡ್ಡಪಟ್ಟಿ ವೆಲ್ಡಿಂಗ್ ಮಾಡಿಸಲು ಇಪ್ಪತ್ತು ಸಾವಿರದ ಮೇಲೆ ಹೋಯಿತು. ಎಂಜಿನ್‌ಗೆ ಇಷ್ಟು ವರ್ಷ ಅಷ್ಟು ದುಡ್ಡು ಹಾಕಿಲ್ಲ.

ಇನ್ನು ಬ್ಲೇಡ್, ಅಂದರೆ ಆಕ್ಸಲ್ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು. ಗಾಡಿಯ ಪಾಸಿಂಗ್ (ಹೇರಲು ಅನುಮತಿ ಇರುವ ತೂಕ) ಒಂದೂಕಾಲು ಟನ್. ನೆಲ್ಲಿನ ಚೀಲ 75 ಕೆಜಿ, ಅಂದರೆ ಲೆಕ್ಕಕ್ಕೆ 16 ಚೀಲ. ಹದಿನಾರು ಚೀಲ ಹೇರಿ ಹೊರಡುತ್ತೇನೆ ಅಂದರೆ ಇಲ್ಲಿ ಯಾರೂ ಬಾಡಿಗೆ ಕೊಡುವುದಿಲ್ಲ, 25 ಆದರೂ ಬೇಕು. ಅದಕ್ಕೇ ಎಲ್ಲರೂ ಹಿಂದೆ ಒಂದು ಬ್ಲೇಡ್ ಜಾಸ್ತಿ ಹಾಕಿಸುತ್ತಾರೆ. ಅದರಿಂದ ಬ್ರೇಕ್ ಕೆಡುತ್ತದೆ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಇಂಥ ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಗೆ ಒಂದು ವಾಲ್ವ್ ಇರುತ್ತದೆ. ಅದರಿಂದ ಒಂದು ಸಣ್ಣ ಕಡ್ಡಿ ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ಲೋಡ್ ಬಿದ್ದು ಚಾಸಿ ಕೆಳಗೆ ಕೂತರೆ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್, ಖಾಲಿ ಇದ್ದು ಮೇಲೆದ್ದರೆ ಕಡಿಮೆ. ವಾಲ್ವ್‌ಗೆ ತೂಕ ಗೊತ್ತಾಗುವುದಿಲ್ಲ, ಎತ್ತರ ಮಾತ್ರ ಗೊತ್ತಾಗುತ್ತದೆ. ಹಳೆ ಬ್ಲೇಡ್ ಸೋತು ಕುಸಿದರೆ ಖಾಲಿ ಗಾಡಿಗೂ ಪೂರ್ತಿ ಬ್ರೇಕ್ ಬಿದ್ದು, ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಬಾಲ ತಿರುಗುತ್ತದೆ. ಬ್ಲೇಡ್ ಜಾಸ್ತಿ ಹಾಕಿದರೆ ಇದರ ಉಲ್ಟಾ. ಲೋಡ್ ತುಂಬಿದ್ದರೂ ಗಾಡಿ ಎತ್ತರದಲ್ಲೇ ನಿಂತಿರುತ್ತದೆ, ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ಮುಂದಿನ ಪ್ಯಾಡ್ ಬೇಗ ಸವೆಯುತ್ತದೆ. ಪ್ಯಾಡ್ ಕ್ವಾಲಿಟಿ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ ಆಡುವವರನ್ನು ನೋಡಿದ್ದೇನೆ! ಬ್ಲೇಡ್ ಕೆಲಸ ಮಾಡಿಸಿದ ಮೇಲೆ ಆ ಕಡ್ಡಿಯನ್ನೂ ಸೆಟ್ ಮಾಡಿಸಿ. ಕೆಲವು ಗಾಡಿಗಳಲ್ಲಿ ಕಡ್ಡಿ ಮುರಿದು ಸುಮ್ನೆ ತಂತಿಯಲ್ಲಿ ಕಟ್ಟಿಬಿಟ್ಟಿರುತ್ತಾರೆ. ಅಂಥದ್ದು ಕಂಡರೆ ಆ ಗಾಡಿ ಬೇಡ.

ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಕೆಳಗೆ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ರಾಡ್) ಕ್ರಾಸ್, ಅಂದರೆ ಅದರ ಕೀಲು, ಸವೆದಿದೆ. ಐವತ್ತರ ಮೇಲೆ ಸೀಟಿನ ಕೆಳಗೆ ಗುಂಯ್ ಅಂತ ನಡುಗಿದರೆ ಸೆಂಟರ್ ಬೇರಿಂಗ್ ರಬ್ಬರ್ ನೋಡಿಸಿ. ಎರೆ ಹೊಲದ ಕೆಸರಲ್ಲಿ ಇಳಿದ ಗಾಡಿಗೆ ಸರ್ವಿಸ್ ತನಕ ಕಾಯದೆ ಗ್ರೀಸ್ ಹೊಡೆಸಬೇಕು. ಇದು ಕಡಿಮೆ ಖರ್ಚಿನ ಕೆಲಸ, ಬಿಟ್ಟರೆ ಗೇರ್‌ಬಾಕ್ಸ್‌ವರೆಗೂ ಹೋಗುತ್ತದೆ.

ಬಿಸಿಯ ವಿಷಯ ನಮ್ಮ ಕಡೆ ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಿಲ್ ಅಂಗಳದ ಹೊಟ್ಟು, ಧೂಳು ರೇಡಿಯೇಟರಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಎಸಿ ಕಂಡೆನ್ಸರ್ ಇದ್ದರಂತೂ ಅದರ ಹಿಂದೆ ಕೈಯೇ ಹೋಗುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ವಾಟರ್ ಸರ್ವಿಸ್ ಹುಡುಗರು ಜೋರಾಗಿ ಪೈಪ್ ಹಿಡಿದರೆ ತೆಳು ಪಟ್ಟಿಗಳೆಲ್ಲ ಮಡಚಿ ಗಾಳಿ ಬಂದ್ ಆಗುತ್ತದೆ. ಇನ್ನೊಂದು ಮಾತು, ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಮನೆಯ ಸ್ಟೌ ಮೇಲಿನ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ ಅಲ್ವಾ? ಅದೇ ಬಿಳಿ ಪದರ ಎಂಜಿನ್ ಒಳಗೂ ಕಟ್ಟುತ್ತದೆ. ಕೂಲೆಂಟ್ ದುಬಾರಿ ಅನ್ನಿಸಿದರೆ, ಎಂಜಿನ್ ಬಿಸಿಯಾಗಿ ಹೋಗುವ ಹೆಡ್ ಗ್ಯಾಸ್ಕೆಟ್ ಕೆಲಸದ ರೇಟು ಒಮ್ಮೆ ಕೇಳಿ ಬನ್ನಿ.

ಕ್ಲಚ್ ಪ್ಲೇಟ್, ಡೈನಮೋ, ಟೈ ರಾಡ್ ಎಂಡ್ ಎಲ್ಲ ಸವೆಯುವ ಸಾಮಾನುಗಳೇ, ಅದಕ್ಕೆ ದೂರಿಲ್ಲ. ವೈರಿಂಗ್ ಮಾತ್ರ ತಲೆನೋವು. ಇಲಿ ಕಡಿದಿದ್ದು, ಹಾರ್ನ್ ಹಾಕಿದವನು ಸುತ್ತಿದ್ದು, ಟೇಪ್ ರೆಕಾರ್ಡರ್ ಹಾಕಿದವನು ಕತ್ತರಿಸಿದ್ದು, ಎಲ್ಲ ಸೇರಿ ಮಳೆ ಬಂದ ದಿನ ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತದೆ.

ಕಾಲುವೆ ಬಂದ್ ಆಗಿ ಬಾಡಿಗೆ ಇಲ್ಲದ ದಿನಗಳಲ್ಲಿ ಗಾಡಿ ನಿಂತಲ್ಲೇ ಹಾಳಾಗುತ್ತದೆ. ಬ್ಯಾಟರಿ ಇಳಿಯುತ್ತದೆ, ಹಿಂದಿನ ಬ್ರೇಕ್ ಡ್ರಮ್ಮಿನಲ್ಲಿ ವೀಲ್ ಸಿಲಿಂಡರ್ ಜಾಮ್ ಆಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಡಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಎಂಟು ವರ್ಷ ಆದ ಮೇಲೆ ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಮಾಡಿಸಬೇಕು, ಅಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಸಾಕು. ಹಳೆ ಗಾಡಿ ಕೊಳ್ಳುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಸೆನ್ಸರ್ ಜಾಸ್ತಿ, ಹೊಗೆ ಸೋಸುವ ಸಾಮಾನು ಜಾಸ್ತಿ. ಹಳ್ಳಿ ರಸ್ತೆಯಲ್ಲಿ ಕೆಟ್ಟು ನಿಂತರೆ ಸ್ಪ್ಯಾನರ್ ಒಂದರಿಂದಲೇ ಕೆಲಸ ಆಗುವುದಿಲ್ಲ. ನನ್ನಂಥವರು ಹಳೆಯದನ್ನೇ ಹಿಡಿದುಕೊಂಡಿರುವುದು ಅದಕ್ಕೇ.

ಒಟ್ಟು ಐದಕ್ಕೆ ಮೂರೂವರೆ ಕೊಡುತ್ತೇನೆ. ಎಂಜಿನ್‌ಗೆ ಕಳೆದಿದ್ದೇನೂ ಇಲ್ಲ, ಬಾಡಿ ತಗಡಿಗೆ ಒಂದು, ವೈರಿಂಗಿಗೆ ಅರ್ಧ. ಈ ಸಲದ ಎಫ್‌ಸಿಗೆ ಮೊದಲು ಹಿಂದಿನ ಎರಡೂ ಡ್ರಮ್ ಬಿಚ್ಚಿಸುತ್ತೇನೆ. ಆಕ್ಸಲ್ ಸೀಲ್ ಸೋರಿ ಬ್ರೇಕ್ ಲೈನರ್ ಒದ್ದೆಯಾಗಿದ್ದರೆ ಅದನ್ನೂ ಮಾಡಿಸಿ ಇನ್ನೊಂದು ವರ್ಷ ಓಡಿಸುತ್ತೇನೆ. ಚಾಸಿಯಲ್ಲಿ ಬ್ಲೇಡ್ ಹ್ಯಾಂಗರ್ ಹತ್ತಿರ ಬಿರುಕು ಕಂಡರೆ ಮಾತ್ರ ಮಾರುವುದೇ. ಆಗ ಕೊಳ್ಳಲು ಬಂದವರಿಗೆ ಆ ಬಿರುಕನ್ನೂ ತೋರಿಸಿಯೇ ರೇಟು ಹೇಳುತ್ತೇನೆ.