ಸಬ್ಸಿಡಿಗೆ ಪೂರ್ವ ಮಂಜೂರಾತಿ ಬರುವ ಮೊದಲು ಡ್ರಿಪ್ ಪೈಪ್ ಕೊಳ್ಳಬೇಡಿ

ಪುಣೆ ಸುತ್ತಮುತ್ತ ಎಕರೆ, ಅರ್ಧ ಎಕರೆ ಜಮೀನು ಮಾಡುವ ಕನ್ನಡದವರು ತುಂಬಾ ಜನ ಇದ್ದೀರಿ. ಬೇಸಿಗೆಗೆ ಮುಂಚೆ ಡ್ರಿಪ್ (ಹನಿ ನೀರಾವರಿ) ಹಾಕಿಸೋಣ ಅಂತ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ನಮ್ಮ ಅಕ್ಕ, ಭಾವ ಸಾಸವಡದ ಹತ್ತಿರ 30 ಗುಂಟೆ ಮಾಡುತ್ತಾರೆ. ಪುರಂದರ ತಾಲೂಕು ಅಂದರೆ ಅಂಜೂರ, ಸೀತಾಫಲಕ್ಕೆ ಹೆಸರು. ಆದರೆ ಮಳೆ ಕಡಿಮೆ. ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಮೋಟಾರ್ ಹಚ್ಚಿ ಒಂದೂವರೆ ತಾಸಿಗೆ ನೀರು ಮುಗಿಯುತ್ತದೆ. ಸಾಲಿನಲ್ಲಿ ಹಾಯಿಸಿದರೆ ಅರ್ಧ ಬದನೆಗೂ ಮುಟ್ಟುವುದಿಲ್ಲ. ಅದಕ್ಕೇ ಹೋದ ವರ್ಷ ಡ್ರಿಪ್ ಮಾಡಿಸಲು ಹೊರಟೆವು. ಅಂಗಡಿ ಹುಡುಕಿ ಭಾವನನ್ನು ಕರೆದುಕೊಂಡು ಹೋದವನು ನಾನು. ಆ ನೋವು ಇನ್ನೂ ಇದೆ.

ಅಂಗಡಿಯವನು 30 ಗುಂಟೆಗೆ ಎಲ್ಲ ಸೇರಿ 18,000 ಅಂದ. ಬೇರೆ ಕಡೆ ಕೇಳಿದ್ದಕ್ಕಿಂತ ಅರ್ಧದಷ್ಟೂ ಇಲ್ಲ. ಸಬ್ಸಿಡಿ ಬಗ್ಗೆ ಕೇಳಿದೆವು. "ಮಾಲು ಇವತ್ತೇ ಒಯ್ಯಿರಿ ಕಾಕಾ, ಬಿಲ್ ಮಾಡಿ ಕೊಡ್ತೀನಿ, ಕಾಗದ ಆಮೇಲೆ ಹಾಕಿದರಾಯ್ತು" ಅಂದ. ಫಿಲ್ಟರ್ ಬೇಕಲ್ವಾ ಅಂದರೆ, "ಬಾವಿ ನೀರಿಗೆ ಯಾಕೆ, ಸುಮ್ನೆ ಖರ್ಚು" ಅಂದ. ನಂಬಿದೆವು.

ಆ "ಆಮೇಲೆ" ಅನ್ನುವ ಮಾತೇ ನಮ್ಮನ್ನು ಮುಳುಗಿಸಿತು. ಮಹಾರಾಷ್ಟ್ರದಲ್ಲಿ 2 ಹೆಕ್ಟೇರ್ ಒಳಗಿನ ರೈತರಿಗೆ ಕೇಂದ್ರದ ಯೋಜನೆಯಲ್ಲಿ ಶೇ. 55, ರಾಜ್ಯದ್ದು ಶೇ. 25, ಒಟ್ಟು ಶೇ. 80 ಸಬ್ಸಿಡಿ ಇದೆ. ಸರ್ಕಾರ ನಿಗದಿ ಮಾಡಿದ ಖರ್ಚಿನ ಮೇಲೆ ಲೆಕ್ಕ, ಅಂಗಡಿ ಬಿಲ್ಲಿನ ಮೇಲೆ ಅಲ್ಲ. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ. ನಮ್ಮ ಹತ್ತಿರ ಜಮೀನಿನ ಕಾಗದ (ಸಾತ್-ಬಾರಾ, 8-ಅ ಉತಾರಾ) ಕೇಳಿದ್ದರು. ಆಯ್ಕೆ ಆದ ಮೇಲೆ ಪೂರ್ವ ಮಂಜೂರಾತಿ ಬರುತ್ತದೆ. ಅದು ಕೈಗೆ ಬಂದ ಮೇಲೆಯೇ, ನೋಂದಣಿ ಇರುವ ಡೀಲರ್ ಹತ್ತಿರ ಮಾಲು ಕೊಳ್ಳಬೇಕು. ಆಮೇಲೆ ಅಧಿಕಾರಿ ಹೊಲಕ್ಕೆ ಬಂದು ನೋಡುತ್ತಾರೆ. ನಮ್ಮ ಬಿಲ್ಲಿನ ತಾರೀಖು ಅರ್ಜಿಗಿಂತ ಮೊದಲಿನದು. ಕೃಷಿ ಕಚೇರಿಯಲ್ಲಿ ಪಾಪ ಸಮಾಧಾನದಿಂದಲೇ ಹೇಳಿದರು, "ಇದಕ್ಕೆ ಏನೂ ಬರಲ್ಲ" ಅಂತ.

ಮಾಲಾದರೂ ಬಾಳಿತಾ? ಅದೂ ಇಲ್ಲ. ಫೆಬ್ರವರಿಯಲ್ಲಿ ಹಾಸಿದ ಲ್ಯಾಟರಲ್ (ಸಾಲಿನುದ್ದಕ್ಕೂ ಹಾಸುವ ಸಣ್ಣ ಪೈಪು) ಏಪ್ರಿಲ್ ಕೊನೆಗೆ ಬೂದಿ ಬಣ್ಣಕ್ಕೆ ತಿರುಗಿತು. ಬಗ್ಗಿಸಿದಲ್ಲಿ ಬೆಳ್ಳಗೆ ಗೆರೆ. ಮೇ ತಿಂಗಳಲ್ಲಿ ಬೆಳಿಗ್ಗೆ ಮೋಟಾರ್ ಹಚ್ಚಿದರೆ ಒಂದು ಕಡೆ ಕಾರಂಜಿ, ಇನ್ನೊಂದು ಕಡೆ ಒಣ ಮಣ್ಣು. ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಪೈಪು ಬಿಸಿಲು ತಡೆಯೋದಿಲ್ಲ. ಒಳ್ಳೆಯ ಪೈಪಿನಲ್ಲಿ ಬಿಸಿಲು ತಡೆಯಲೆಂದೇ ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿ ಹಾಕಿರುತ್ತಾರೆ.

ಪಕ್ಕದ ಹೊಲದ ಅಜ್ಜ ಅಕ್ಕಲಕೋಟೆ ಕಡೆಯವರು, ನಮ್ಮ ಮಾತು ಆಡುತ್ತಾರೆ. ಒಂದು ಸಂಜೆ ಬಂದು ನಮ್ಮ ಪೈಪನ್ನು ಹೆಬ್ಬೆರಳಿನಿಂದ ಉಜ್ಜಿದರು. "16 ಎಂಎಂ" ಅಂತ ಇದ್ದ ಬಿಳಿ ಅಕ್ಷರ ಬೆರಳಿಗೆ ಹತ್ತಿ ಬಂತು. "ನೋಡು ತಮ್ಮಾ, ಇದರ ಮ್ಯಾಲೆ ಮಾಡಿದವನ ಹೆಸರೇ ಇಲ್ಲ" ಅಂದರು. ಅವರ ಪೈಪಿನ ಮೇಲೆ ಕಂಪನಿ ಹೆಸರು, ಐಎಸ್ಐ ಗುರುತು, ಐಎಸ್ 13488 ಅನ್ನುವ ನಂಬರು, ಸೈಜು ಎಲ್ಲ ಉದ್ದಕ್ಕೂ ಅಚ್ಚಾಗಿತ್ತು. ನೀರು ಹನಿಸುವ ಡ್ರಿಪ್ಪರ್ ಒಳಗೇ ಇರುವ ಪೈಪಿಗೆ ಇರುವ ನಂಬರು ಅದು. ಅಲ್ಲೇ ಇರುವ ಸಿಎಂ/ಎಲ್ ಲೈಸೆನ್ಸ್ ನಂಬರನ್ನು, ಐಎಸ್ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ನಾನು ಅಂಗಡಿಯಲ್ಲಿ ನಿಂತು ಚಹಾ ಕುಡಿದಷ್ಟು ಹೊತ್ತು ಕೂಡ ಬೇಕಿರಲಿಲ್ಲ.

ಅಜ್ಜ ಇನ್ನೊಂದು ಕೆಲಸ ಮಾಡಿಸಿದರು. ಡ್ರಿಪ್ಪರ್ ಕೆಳಗೆ ಮಣ್ಣು ತೋಡಿ ಲೋಟ ಇಟ್ಟು ಒಂದು ನಿಮಿಷ ಹಿಡಿಯಿರಿ ಅಂದರು. ತಾಸಿಗೆ 2 ಲೀಟರ್ ಅಂತ ಮಾರಿದ ಡ್ರಿಪ್ಪರ್ ನಿಮಿಷಕ್ಕೆ ಸುಮಾರು 33 ಮಿಲಿ ಕೊಡಬೇಕು. ಅಕ್ಕನ ಮನೆಯ ಔಷಧಿ ಅಳತೆ ಲೋಟದಲ್ಲಿ ಅಳೆದೆವು. ಸಾಲಿನ ಮೊದಲ ಡ್ರಿಪ್ಪರಿನಲ್ಲಿ 60 ಬಂತು. ಕೊನೆಯದರಲ್ಲಿ ನಾಲ್ಕು ಹನಿ. ಆ ಡ್ರಿಪ್ಪರ್ ಕೊಯ್ದು ನೋಡಿದರೆ ಒಳಗೆ ಹಸಿರು ಪಾಚಿ, ಲೋಳೆಯಂತೆ ಅಂಟಿಕೊಂಡಿತ್ತು. ತೆರೆದ ಬಾವಿ ನೀರಿಗೆ ಫಿಲ್ಟರ್ ಬೇಕೇ ಬೇಕು. ವಾರಕ್ಕೊಮ್ಮೆಯಾದರೂ ಲ್ಯಾಟರಲ್ಲಿನ ತುದಿ ಬಿಚ್ಚಿ ಕೆಸರು ಹೊರಗೆ ಬಿಡಬೇಕು. ಇದನ್ನು ನಮಗೆ ಮೊದಲೇ ಯಾರೂ ಹೇಳಲಿಲ್ಲ.

ಕಡಿಮೆ ಬೆಲೆಯದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮಧ್ಯಪ್ರದೇಶದಲ್ಲಿ ಹತ್ತಿ ಬೆಳೆಗಾರರು ಪೆಪ್ಸಿ ಐಸ್ ತುಂಬುವ ತೆಳು ಪ್ಲಾಸ್ಟಿಕ್ ಕೊಳವೆಯನ್ನೇ ಡ್ರಿಪ್ ಮಾಡಿಕೊಂಡು ಬೆಳೆ ಉಳಿಸಿಕೊಂಡಿದ್ದಾರೆ. ಅದು ಒಂದೆರಡು ಹಂಗಾಮಿನ ಮಾಲು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ ದುಡ್ಡು ಹಾಕಿದ್ದರು. ನಮಗೆ ಐದು ವರ್ಷ ಬರುತ್ತೆ ಅಂತ ಹೇಳಿ ಮೂರು ತಿಂಗಳಿನದು ಕೊಟ್ಟರು.

ಬದನೆಯ ಕೊನೆಯ ಹನ್ನೊಂದು ಸಾಲು ಒಣಗಿ ಹೋದವು. ಅಕ್ಕ ಬಿಂದಿಗೆಯಲ್ಲಿ ಹೊತ್ತು ಹಾಕಿ ಎರಡು ಸಾಲು ಉಳಿಸಿಕೊಂಡಳು. ಭಾವ ಈಗ ಹೊಸದಾಗಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಪೂರ್ವ ಮಂಜೂರಾತಿ ಬರುವ ತನಕ ಪೈಪಿನ ತುದಿ ಮುಚ್ಚುವ ಒಂದು ಎಂಡ್ ಕ್ಯಾಪ್ ಕೂಡ ತರುವುದಿಲ್ಲ ಅಂದಿದ್ದಾರೆ.