ಪುಣೆಯಿಂದ ಜರ್ಮನಿಗೆ ಮನೆ ಸಾಮಾನು: ಹಡಗು, ವಿಮಾನ, ಕೊರಿಯರ್, ಎಕ್ಸ್‌ಟ್ರಾ ಬ್ಯಾಗ್, ಯಾವುದಕ್ಕೆ ಯಾವುದು

ವಾಕಡ್, ಪಿಂಪಳೆ ಸೌದಾಗರ್ ಕಡೆ ಇರೋ ನಮ್ಮ ಕನ್ನಡದವರಲ್ಲಿ ಕಂಪನಿ ಕಡೆಯಿಂದ ಜರ್ಮನಿಗೆ ಹೊರಡೋರು ಯಾವಾಗಲೂ ಇದ್ದೇ ಇರ್ತಾರೆ, ನಾವು 2024ರಲ್ಲಿ ಹೋಗಿ ಈಗ ವಾಪಸ್ ಬಂದಿರೋದು ಗೊತ್ತಾದ್ಮೇಲೆ ಎಲ್ಲರೂ ಕೇಳೋದು ಒಂದೇ, "ಸಾಮಾನು ಹೆಂಗ ಕಳಿಸಿದ್ರಿ, ಎಷ್ಟಾತು?" ಅಂತ. ನಾವು ಒಂದೇ ದಾರಿ ಹಿಡಿಲಿಲ್ಲ, ಸಾಮಾನು ಭಾಗ ಮಾಡಿ ನಾಲ್ಕು ಥರ ಕಳಿಸಿದ್ವಿ, ಹಾಗಾಗಿ ಹೋಲಿಸಿ ಹೇಳಬಲ್ಲೆ. ಮೊದಲೇ ಹೇಳಿಬಿಡ್ತೀನಿ, ಪುಣೆಯಲ್ಲಿ ಮೂವರ್ಸ್‌ಗೆ ಕೊಡೋ ದುಡ್ಡು ಅರ್ಧ ಲೆಕ್ಕ ಅಷ್ಟೇ, ಅವರು ಕೊಡೋ ಕೋಟ್‌ನಲ್ಲಿ, ಅಂದ್ರೆ ಅಂದಾಜು ರೇಟಲ್ಲಿ, ಅಲ್ಲಿಯ ಚಾರ್ಜು ಸೇರಿಲ್ಲ ಅಂದ್ರೆ ಉಳಿದದ್ದು ಹ್ಯಾಂಬರ್ಗ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಯೂರೋದಲ್ಲಿ ಕಟ್ಟಬೇಕು. ಅದನ್ನ ಸೇರಿಸದೆ ಕೋಟ್ ಹೋಲಿಸಿದ್ರೆ ಏನೂ ಗೊತ್ತಾಗಲ್ಲ.

ವಿಮಾನ ಮತ್ತು ಹಡಗಿನ ವ್ಯತ್ಯಾಸ ಅರ್ಥ ಆಗಬೇಕಂದ್ರೆ ಎರಡು ಬಾಕ್ಸ್ ತಗೊಳ್ಳಿ. ಒಂದರಲ್ಲಿ ರಜಾಯಿ, ದಿಂಬು: 60 x 45 x 45 ಸೆಂಟಿಮೀಟರ್, ತೂಕ 8 ಕಿಲೋ. ಏರ್ ಕಾರ್ಗೋದವರು ಉದ್ದ ಅಗಲ ಎತ್ತರ ಗುಣಿಸಿ 6000ದಿಂದ ಭಾಗಿಸ್ತಾರೆ, ಆ ಲೆಕ್ಕ ಮತ್ತೆ ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು, ಅಂದ್ರೆ ಆ 8 ಕಿಲೋ ಬಾಕ್ಸಿಗೆ 20 ಕಿಲೋ ರೇಟು. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಅಲ್ಲಿ ಅದೇ ಬಾಕ್ಸ್ 24 ಕಿಲೋ ದಾಟುತ್ತೆ. ಇನ್ನೊಂದು ಬಾಕ್ಸಲ್ಲಿ ಪುಸ್ತಕ: 40 x 30 x 30, ಸಣ್ಣ ಡಬ್ಬ ಆದ್ರೂ ತೂಕ 22 ಕಿಲೋ, ವಿಮಾನದಲ್ಲಾದ್ರೆ ಪೂರ್ತಿ 22 ಕಿಲೋಗೂ ದುಡ್ಡು. ಹಡಗಲ್ಲಿ ಎಲ್‌ಸಿಎಲ್, ಅಂದ್ರೆ ಬೇರೆಯವರ ಸಾಮಾನಿನ ಜೊತೆ ಕಂಟೇನರ್ ಹಂಚ್ಕೊಂಡು ಹೋಗೋದು, ಅಲ್ಲಿ ಕ್ಯೂಬಿಕ್ ಮೀಟರ್ ಲೆಕ್ಕ. ಒಂದು ಕ್ಯೂಬಿಕ್ ಮೀಟರಿಗೆ ಒಂದು ಟನ್ ತೂಕ ಮೀರೋವರೆಗೂ ಜಾಗಕ್ಕೆ ಮಾತ್ರ ರೇಟು. ಒಂದು ಕ್ಯೂಬಿಕ್ ಮೀಟರಲ್ಲಿ ಆ ಪುಸ್ತಕದ ಬಾಕ್ಸ್ ಇಪ್ಪತ್ತೇಳು ಹಿಡಿಯುತ್ತೆ, ಎಲ್ಲಾ ಸೇರಿಸಿದ್ರೂ ಆರುನೂರು ಕಿಲೋ ಒಳಗೇ. ಹಾಗಾಗಿ ಪುಸ್ತಕ, ಸ್ಟೀಲ್ ಪಾತ್ರೆ, ಕುಕ್ಕರ್, ಗ್ರೈಂಡರ್ ಎಲ್ಲಾ ಕಣ್ಣುಮುಚ್ಚಿ ಹಡಗಿಗೆ ಹಾಕಿ. ರಜಾಯಿ ಮಾತ್ರ ಎರಡಕ್ಕೂ ಲಾಸ್, ಅಲ್ಲೇ ಹೊಸದು ತಗೊಳ್ಳೋದೇ ಮೇಲು.

ಅಂದಹಾಗೆ ಗ್ರೈಂಡರ್ ಮಿಕ್ಸರ್ ಅಲ್ಲಿ ನಡೆಯುತ್ತೆ, ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಬದಲಾಯಿಸಿದ್ರೆ ಸಾಕು. ಅಮೆರಿಕಕ್ಕೆ ಹೋಗೋರಿಗೆ ಈ ಮಾತು ಅನ್ವಯಿಸಲ್ಲ, ಅಲ್ಲಿ 120 ವೋಲ್ಟ್, 60 ಹರ್ಟ್ಸ್.

ಎಲ್‌ಸಿಎಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರು ಇದನ್ನೇ ಆರಿಸೋದು, ಕೊನೆಗೆ ಬೇಜಾರಾಗೋದೂ ಇಲ್ಲೇ. ಪುಣೆಯಿಂದ ಟೆಂಪೋದಲ್ಲಿ ಸಾಮಾನು ಮುಂಬೈ ಹತ್ರದ ನ್ಹಾವಾ ಶೇವಾ ಬಂದರಿನ ಕಡೆಯ ಗೋಡೌನಿಗೆ ಹೋಗುತ್ತೆ, ಅಲ್ಲಿ ಕಂಟೇನರ್ ತುಂಬೋವಷ್ಟು ಬೇರೆಯವರ ಮಾಲು ಸೇರೋ ತನಕ ಕಾಯಬೇಕು, ಆಮೇಲೆ ಹಡಗು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ್ಮೇಲೆ ಬಹಳಷ್ಟು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗೋಕೆ ಶುರು ಮಾಡಿದ್ವು, ಅದಕ್ಕೇ ಹತ್ತು-ಹದಿನಾಲ್ಕು ದಿನ ಹೆಚ್ಚು. ನಮ್ಮ ಸಾಮಾನು ಮನೆ ಬಾಗಿಲಿಗೆ ಬರೋಷ್ಟರಲ್ಲಿ ಎರಡು ತಿಂಗಳು ದಾಟಿತ್ತು. ಜೊತೆಗಿರೋ ಯಾರದೋ ಒಂದು ಮಾಲನ್ನ ಕಸ್ಟಮ್ಸ್ ಹಿಡಿದ್ರೂ ಕಂಟೇನರೇ ನಿಲ್ಲಬಹುದು, ನಿಮ್ಮ ಪೇಪರ್ ಎಷ್ಟೇ ಸರಿ ಇರಲಿ.

ನಮಗೆ ಎರಡು ಕೋಟ್ ಬಂದಿದ್ವು. ಒಂದು ಕಡಿಮೆ, ಇನ್ನೊಂದು ಅದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಕಡಿಮೆ ಇದ್ದ ಕೋಟ್‌ನ ಕೊನೆಯ ಸಾಲಲ್ಲಿ, ಸಣ್ಣ ಅಕ್ಷರದಲ್ಲಿ, "ಡೆಸ್ಟಿನೇಶನ್ ಚಾರ್ಜಸ್ ಆಕ್ಚುಯಲ್ಸ್ ಪ್ರಕಾರ" ಅಂತ ಇತ್ತು. ಇದೊಂದು ಸಾಲು ಓದದೆ ಯಾರೂ ಸಹಿ ಹಾಕಬೇಡಿ. ಅಂದ್ರೆ ಹ್ಯಾಂಬರ್ಗ್ ಬಂದರಿನ ಟರ್ಮಿನಲ್ ಚಾರ್ಜು, ಕಂಟೇನರ್‌ನಿಂದ ಸಾಮಾನು ಇಳಿಸಿ ಬೇರೆ ಮಾಡೋ ಚಾರ್ಜು, ಡಾಕ್ಯುಮೆಂಟ್ ಚಾರ್ಜು, ಫ್ರೀ ದಿನ ಮುಗಿದ್ಮೇಲೆ ಗೋಡೌನ್ ಬಾಡಿಗೆ, ಊರಿಗೆ ಲಾರಿ, ಎಲ್ಲಾ ನಿಮ್ಮ ತಲೆ ಮೇಲೆ. ನಾವು ಹೆಚ್ಚಿನ ಕೋಟ್ ತಗೊಂಡ್ವಿ, ಡೋರ್ ಟು ಡೋರ್, ಅಲ್ಲಿಯ ಚಾರ್ಜೆಲ್ಲಾ ಸೇರಿಸಿ ಬರಹದಲ್ಲಿ. ಅದೇ ಸುಮಾರಿಗೆ ನಮ್ಮ ಸೊಸೈಟಿಯವರೊಬ್ಬರು ಕಡಿಮೆ ರೇಟಿನವರ ಹತ್ರ ಕಳಿಸಿದ್ರು, ಅಲ್ಲಿಯ ಏಜೆಂಟ್ ದುಡ್ಡು ಕಟ್ಟೋವರೆಗೂ ಸಾಮಾನು ಬಿಡಲ್ಲ ಅಂದ, ಎರಡೂ ಕೂಡಿಸಿ ನೋಡಿದ್ರೆ ನಮಗಿಂತ ಜಾಸ್ತಿನೇ ಆಗಿತ್ತು. ಅವರು ಪುಣೆ ಆಫೀಸಿಗೆ ಫೋನ್ ಮಾಡಿದ್ರೆ "ಅದು ಅಲ್ಲಿಯ ಪಾರ್ಟಿ, ನಮಗೆ ಸಂಬಂಧ ಇಲ್ಲ" ಅನ್ನೋ ಉತ್ತರ. ಸಣ್ಣ ಮಕ್ಕಳನ್ನ ಕಟ್ಕೊಂಡು ಹೊಸ ದೇಶದಲ್ಲಿರೋರಿಗೆ ಹೀಗೆ ಮಾಡೋದು ನೋಡಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಪೂರ್ತಿ 20 ಅಡಿ ಕಂಟೇನರ್ ನಾವು ಮಾಡಲಿಲ್ಲ, ಪರಿಚಯದ ಒಂದು ಕುಟುಂಬ ಮಾಡಿತ್ತು. ಒಳಗೆ ಸುಮಾರು 33 ಕ್ಯೂಬಿಕ್ ಮೀಟರ್ ಜಾಗ. ಒಳ್ಳೇದು ಏನಂದ್ರೆ ಕಂಟೇನರ್ ನಿಮ್ಮದೊಂದೇ, ಸೀಲ್ ನಂಬರ್ ಬಿಲ್ ಆಫ್ ಲೇಡಿಂಗ್‌ನಲ್ಲಿ, ಅಂದ್ರೆ ಹಡಗು ಕಂಪನಿ ಕೊಡೋ ಮಾಲಿನ ರಸೀದಿಯಲ್ಲಿ, ಬರುತ್ತೆ. ಆದ್ರೆ ಸೋಫಾ, ಮಂಚ, ಕಪಾಟು ಎಲ್ಲಾ ಒಯ್ಯೋರಿಗೆ ಮಾತ್ರ ಲಾಭ. ಜರ್ಮನಿಯ ಬಾಡಿಗೆ ಮನೆ ರೂಮು ನೋಡಿದ್ಮೇಲೆ ಅಷ್ಟು ದೊಡ್ಡ ಕಪಾಟು ಯಾಕೆ ತಂದ್ವಿ ಅಂತ ಅವರೇ ಹೇಳಿದ್ರು.

ಇನ್ನು ವಿಮಾನ. ರೇಟು ಹಡಗಿಗಿಂತ ಬಹಳ ಜಾಸ್ತಿ, ಮುಂಬೈ ಏರ್‌ಪೋರ್ಟಿನ ಸಾಹರ್ ಕಾರ್ಗೋದಿಂದ ಹೊರಟ್ರೆ ಒಂದು ವಾರದೊಳಗೆ ಫ್ರಾಂಕ್‌ಫರ್ಟ್. ಬೇಗ ತಲುಪೋದೇ ಇದರ ತೊಂದರೆ. ಬಳಸಿದ ಮನೆ ಸಾಮಾನಿಗೆ ಜರ್ಮನ್ ಕಸ್ಟಮ್ಸ್ ಡ್ಯೂಟಿ ಮಾಫಿ ಕೊಡೋಕೆ ನೀವು ಅಲ್ಲಿ ವಾಸ ಶುರು ಮಾಡಿದ್ದಕ್ಕೆ ದಾಖಲೆ ಕೇಳುತ್ತೆ, ಅದು ಆನ್ಮೆಲ್ಡುಂಗ್, ಅಂದ್ರೆ ವಿಳಾಸ ನೋಂದಾಯಿಸಿದ ಪತ್ರ, ಆ ಪತ್ರಕ್ಕೆ ಬಾಡಿಗೆ ಮನೆ ವಿಳಾಸ ಬೇಕು, ನಗರ ಕಚೇರಿಯ ಅಪಾಯಿಂಟ್‌ಮೆಂಟ್ ಬೇಕು. ಸಾಮಾನು ಮುಂಚೆ ಬಂದು ಕಾರ್ಗೋ ಗೋಡೌನಲ್ಲಿ ಕೂತ್ರೆ ದಿನದ ಬಾಡಿಗೆ ಓಡ್ತಾನೇ ಇರುತ್ತೆ. ನಾವು ಏರ್ ಬಾಕ್ಸ್‌ಗಳನ್ನ ತಮ್ಮನ ಮನೆಯಲ್ಲಿಟ್ಟು ಹೋಗಿ, ಪತ್ರ ಕೈಗೆ ಬಂದ್ಮೇಲೆ ಅವನ ಕೈಲಿ ಬುಕ್ ಮಾಡಿಸಿದ್ವಿ, ಒಂದು ಪೈಸೆ ಸ್ಟೋರೇಜ್ ಬೀಳಲಿಲ್ಲ. ಮಗಳ ಸ್ಕೂಲ್ ಸಾಮಾನು, ಚಳಿ ಬಟ್ಟೆ, ನಾಲ್ಕು ಪಾತ್ರೆ, ಇಷ್ಟಕ್ಕೇ ವಿಮಾನ ಸಾಕು.

ಕೊರಿಯರ್ ನಾಲ್ಕರಲ್ಲಿ ನನಗೆ ಇಷ್ಟ ಆಗದೇ ಇದ್ದದ್ದು. ವ್ಯಾಪಾರದ ಪಾರ್ಸೆಲ್ ಥರ ಅವರೇ ಕ್ಲಿಯರ್ ಮಾಡಿಬಿಡ್ತಾರೆ, ಇದು ಮನೆ ಬದಲಾಯಿಸೋರ ಹಳೇ ಸಾಮಾನು ಅಂತ ಬುಕಿಂಗ್‌ನಲ್ಲಿ ಬರೆಸಿದ್ರೂ ನಮ್ಮ ಬಾಕ್ಸಿಗೆ 19 ಪರ್ಸೆಂಟ್ ಇಂಪೋರ್ಟ್ ವ್ಯಾಟ್ ಮತ್ತೆ ಅವರ ಕ್ಲಿಯರೆನ್ಸ್ ಫೀ ಹಾಕಿ ಕಳಿಸಿದ್ರು. ಕೌಂಟರಿನವರು "ಗಿಫ್ಟ್ ಅಂತ ಹಾಕಿ" ಅಂದ್ರೆ ಒಪ್ಪಬೇಡಿ, ನಮ್ಮದೇ ಸಾಮಾನು ಗಿಫ್ಟ್ ಅಲ್ಲ, ನಿಜವಾದ ಗಿಫ್ಟಿಗೂ ಅಲ್ಲಿ 45 ಯೂರೋ ಮಿತಿ.

ಎಕ್ಸ್‌ಟ್ರಾ ಬ್ಯಾಗ್ ಬಗ್ಗೆ ಜನ ಯಾಕೆ ಯೋಚಿಸಲ್ಲವೋ ಗೊತ್ತಿಲ್ಲ. ಏರ್‌ಲೈನ್ ಸೈಟಲ್ಲಿ ಮೊದಲೇ ದುಡ್ಡು ಕಟ್ಟಿದ್ರೆ ಕೌಂಟರ್‌ಗಿಂತ ಕಡಿಮೆ, ನಮ್ಮ ಜೊತೆನೇ ಬರುತ್ತೆ, ಗೋಡೌನ್ ಬಾಡಿಗೆ ಇಲ್ಲ. ಒಂದು ಬ್ಯಾಗ್ 32 ಕಿಲೋ ಮೀರಬಾರದು ಅಷ್ಟೇ. ಬಂಗಾರ ಯಾವತ್ತೂ ಬಾಕ್ಸಲ್ಲಿ ಹಾಕಬೇಡಿ, ಕೈಯಲ್ಲೇ ಒಯ್ಯಿರಿ, ಹೊರಡೋವಾಗ ಮುಂಬೈ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಂಡ್ರೆ ವಾಪಸ್ ಬರೋವಾಗ ತಕರಾರಿಲ್ಲ.

ಡ್ಯೂಟಿ ಮಾಫಿಯ ನಿಯಮ ಯುರೋಪಿಯನ್ ಯೂನಿಯನ್ ಪೂರ್ತಿ ಒಂದೇ: ಹನ್ನೆರಡು ತಿಂಗಳು ಹೊರಗೆ ವಾಸ ಇದ್ದಿರಬೇಕು, ಸಾಮಾನು ಕನಿಷ್ಠ ಆರು ತಿಂಗಳು ಬಳಸಿರಬೇಕು, ವಾಸ ಶುರುವಾಗಿ ಹನ್ನೆರಡು ತಿಂಗಳೊಳಗೆ ತರಿಸಬೇಕು, ತಂದ್ಮೇಲೆ ಹನ್ನೆರಡು ತಿಂಗಳು ಮಾರೋ ಹಾಗಿಲ್ಲ, ಬಾಡಿಗೆಗೂ ಕೊಡೋ ಹಾಗಿಲ್ಲ. ಹಾಗಾಗಿ ಹೊರಡೋ ತಿಂಗಳು ಲಕ್ಷ್ಮಿ ರೋಡಿಗೆ ಹೋಗಿ ಹೊಸ ಪಾತ್ರೆ ಖರೀದಿ ಮಾಡಿ ಹಡಗಿಗೆ ಹಾಕಿದ್ರೆ ಅದಕ್ಕೆ ಮಾಫಿ ಸಿಗಲ್ಲ. ನಾಲ್ಕು ದಾರಿಯಲ್ಲಿ ಕಳಿಸಿದ್ರೆ ಪ್ರತಿಯೊಂದಕ್ಕೂ ಬೇರೆ ಕ್ಲಿಯರೆನ್ಸ್, ಅದೂ ನೆನಪಿರಲಿ. ತುಪ್ಪ, ಪೇಡಾ, ಹಾಲಿನದ್ದು ಯಾವುದೂ ಬೇಡ, ನಿಷೇಧ ಇದೆ.

ಪ್ಯಾಕಿಂಗ್ ಲಿಸ್ಟ್ ಯಾವ ದಾರಿಗಾದ್ರೂ ನೀವೇ ಬರೀಬೇಕು. ನಮ್ಮ ಪ್ಯಾಕರ್ ಹುಡುಗರು ಅರ್ಧ ಬಾಕ್ಸ್ ಮೇಲೆ "ಮಿಸ್ಲೇನಿಯಸ್" ಅಂತ ಗೀಚಿದ್ರು, ನಾನು ನಿಲ್ಲಿಸಿ ಟೇಬಲ್ ಮೇಲೆ ಹಾಳೆ ಇಟ್ಕೊಂಡು ಬರೆದೆ, "ಬಾಕ್ಸ್ 14: ಇಡ್ಲಿ ಪಾತ್ರೆ 1, ಪ್ರೆಶರ್ ಕುಕ್ಕರ್ 2, ಸ್ಟೀಲ್ ಡಬ್ಬಿ 11, ರೊಟ್ಟಿ ತವಾ 1, ಎಲ್ಲಾ ಬಳಸಿದ್ದು" ಅಂತ ಇಂಗ್ಲಿಷಲ್ಲಿ. ಒಳಗೇನಿದೆ ಅಂತ ಲಿಸ್ಟ್ ಹೇಳದಿದ್ರೆ ಬಾಕ್ಸ್ ಬಿಚ್ಚಿ ನೋಡೋ ಸಾಧ್ಯತೆ ಹೆಚ್ಚು, ಆ ಖರ್ಚೂ ನಮ್ಮದೇ. ಅವ್ವನ ಹಳೇ ಹಿತ್ತಾಳೆ ದೀಪದ ಕಂಬ ಮಾತ್ರ ಕಳಿಸಲಿಲ್ಲ, ನೂರು ವರ್ಷ ದಾಟಿದ ಕಲಾವಸ್ತು ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ ಅಂತ 1972ರ ಕಾಯ್ದೆ ಇದೆ, ಅದು ಪುರಾತನ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆ ಸರ್ಟಿಫಿಕೇಟ್ ಕೊಡಬೇಕು. "ಇಲ್ಲೇ ಇರಲಿ ಬಿಡೋ, ದಿನಾ ದೀಪಾ ಹಚ್ಚತೇನಿ" ಅಂದ್ಲು ಅವ್ವ.

ಇನ್ಶೂರೆನ್ಸ್ ಬೇಕೇ ಬೇಕು, ಹಡಗಿಗಂತೂ ಬಿಡಬೇಡಿ. ಜನರಲ್ ಆವರೇಜ್ ಅನ್ನೋ ಸಮುದ್ರದ ಕಾನೂನಿದೆ, ಹಡಗನ್ನ ಉಳಿಸೋಕೆ ಆದ ಖರ್ಚನ್ನ ಹಡಗಿನವರ ಜೊತೆ ಮಾಲಿನವರೆಲ್ಲಾ ಹಂಚ್ಕೋಬೇಕು, 2021ರಲ್ಲಿ ಸೂಯೆಜ್‌ನಲ್ಲಿ ಎವರ್ ಗಿವನ್ ಸಿಕ್ಕಿಹಾಕ್ಕೊಂಡಾಗ ಇದನ್ನೇ ಜಾರಿ ಮಾಡಿದ್ರು. ಪಾಲಿಸಿಯಲ್ಲಿ "ಆಲ್ ರಿಸ್ಕ್" ಇದೆಯಾ ನೋಡಿ, "ಟೋಟಲ್ ಲಾಸ್" ಅಂತಿದ್ರೆ ಸಾಮಾನು ಪೂರ್ತಿ ಹಾಳಾದ್ರೆ ಇಲ್ಲಾ ಕಳೆದುಹೋದ್ರೆ ಮಾತ್ರ ದುಡ್ಡು. ನೀವೇ ಪ್ಯಾಕ್ ಮಾಡಿದ ಬಾಕ್ಸಲ್ಲಿ ಒಡೆದದ್ದಕ್ಕೆ ಸಾಮಾನ್ಯವಾಗಿ ಕೊಡಲ್ಲ, ಹಾಗಾಗಿ ಗಾಜು ಪಿಂಗಾಣಿ ಅವರ ಕೈಯಲ್ಲೇ ಕಟ್ಟಿಸಿ. ಡೆಲಿವರಿ ದಿನ ಲಾರಿಯವನು ಎಷ್ಟೇ ಅವಸರ ಮಾಡಿದ್ರೂ ಬಾಕ್ಸ್ ನಂಬರ್ ಒಂದೊಂದಾಗಿ ಟಿಕ್ ಮಾಡಿ, ಜಜ್ಜಿದ ಬಾಕ್ಸಿನ ಫೋಟೋ ತೆಗೆದು, ಅದನ್ನ ಸ್ಲಿಪ್ ಮೇಲೆ ಬರೆದ್ಮೇಲೇ ಸಹಿ ಹಾಕಿ.