ಜಾವಾ ಆಪರೇಟರ್ ಕಲಿಯಲು ಜೆಶೆಲ್: ಎಲ್ಲಿ ನಂಬಬಹುದು, ಎಲ್ಲಿ ಎಚ್ಚರ ಬೇಕು

ಬೈಟ್ (8 ಬಿಟ್‌ನ ಪುಟ್ಟ ಪೂರ್ಣಾಂಕ ಟೈಪ್) ವೇರಿಯಬಲ್‌ಗೆ ಒಂದು ಕೂಡಿಸಿ ಉತ್ತರವನ್ನು ಅದರಲ್ಲೇ ಇಡಲು ಹೋದರೆ ಜಾವಾ ಕಂಪೈಲರ್ ಒಪ್ಪುವುದಿಲ್ಲ. ಅದೇ ಕೆಲಸವನ್ನು += ಹಾಕಿ ಮಾಡಿದರೆ ತಕರಾರೇ ಇಲ್ಲ. ಹೊಸಬರು ಎಡವುವ ಇಂಥ ಜಾಗಗಳು ಹತ್ತಾರಿವೆ. ನಿಯಮವನ್ನು ಬಾಯಿಪಾಠ ಮಾಡಿದರೆ ಅದು ಪರೀಕ್ಷೆ ಮುಗಿಯುವವರೆಗೆ ಮಾತ್ರ ತಲೆಯಲ್ಲಿರುತ್ತದೆ. ಒಂದೊಂದೇ ಸಾಲು ಹೊಡೆದು ಏನಾಗುತ್ತದೆ ಎಂದು ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ಹಾಗೆ ನೋಡಲು ಜೆಶೆಲ್, ಅಂದರೆ ಜಾವಾ ಸಾಲನ್ನು ಹೊಡೆದ ಕೂಡಲೇ ಓಡಿಸಿ ಉತ್ತರ ತೋರಿಸುವ ಉಪಕರಣ, ಬಹಳ ಒಳ್ಳೆಯ ಸಾಧನ. ಆದರೆ ಇದ್ದ ಹಾಗೇ ಬಳಸಿದರೆ ಅರ್ಧ ಪಾಠವನ್ನು ಅದು ಮುಚ್ಚಿಡುತ್ತದೆ, ಕೆಲವು ಕಡೆ ನಿಜವಾದ ಪ್ರೋಗ್ರಾಮ್‌ಗಿಂತ ಸಡಿಲವಾಗಿಯೂ ನಡೆದುಕೊಳ್ಳುತ್ತದೆ. ಈ ಎರಡನ್ನೂ ತಿಳಿದುಕೊಂಡು ಕೂತರೆ ಮಾತ್ರ ಪೂರ್ತಿ ಲಾಭ.

ಜೆಶೆಲ್ 2017ರ ಸೆಪ್ಟೆಂಬರ್‌ನಲ್ಲಿ ಜಾವಾ ಪ್ರೋಗ್ರಾಮ್ ಬರೆಯುವವರ ಸಾಧನಗಳ ಕಟ್ಟಾದ ಜೆಡಿಕೆ 9ರ ಜೊತೆಗೆ ಬಂತು. ಬೇರೆಯಾಗಿ ಇನ್‌ಸ್ಟಾಲ್ ಮಾಡುವ ಕೆಲಸವಿಲ್ಲ; ಜೆಡಿಕೆ ಇದ್ದರೆ ಅದರ ಬಿನ್ ಫೋಲ್ಡರ್‌ನಲ್ಲೇ ಇರುತ್ತದೆ. ಟರ್ಮಿನಲ್‌ನಲ್ಲಿ ಅದರ ಹೆಸರು ಹೊಡೆದರೆ ಸಾಕು. ಕ್ಲಾಸ್ ಬೇಡ, ಮೇನ್ ಮೆಥಡ್ ಬೇಡ, ಒಂದೇ ಸಾಲಾದರೆ ಕೊನೆಯ ಅರ್ಧವಿರಾಮ ಚಿಹ್ನೆಯೂ ಬೇಡ. ಇಲ್ಲಿ ಇಂಟ್, ಬೈಟ್ ಎಂದೆಲ್ಲ ಬರೆದಿರುವ ಕೀವರ್ಡ್‌ಗಳನ್ನೂ ಜೆಶೆಲ್ ಆಜ್ಞೆಗಳನ್ನೂ ಟೈಪ್ ಮಾಡುವಾಗ ರೋಮನ್ ಚಿಕ್ಕಕ್ಷರಗಳಲ್ಲೇ ಹೊಡೆಯಬೇಕು. ವೇರಿಯಬಲ್‌ಗಳ ಹೆಸರು ಮಾತ್ರ ಕನ್ನಡದಲ್ಲಿ ಇದ್ದಂತೆಯೇ ಇರಲಿ, ಜಾವಾ ಅದನ್ನು ಒಪ್ಪುತ್ತದೆ.

ಮೊದಲ ಸಾಲಿಗೇ 7 / 2 ಎಂದು ಕೊಡಿ. ಬರುವ ಉತ್ತರ ಇಷ್ಟೇ:

$1 ==> 3

ಮೂರೂವರೆ ಆಗಬೇಕಿದ್ದದ್ದು ಮೂರು ಯಾಕಾಯಿತು ಎಂಬುದರ ಸುಳಿವು ಇದರಲ್ಲಿಲ್ಲ. ಎರಡೂ ಇಂಟ್ (ಪೂರ್ಣಾಂಕ), ಹಾಗಾಗಿ ಭಾಗಲಬ್ಧವೂ ಇಂಟ್. ದಶಾಂಶ ಭಾಗ ಹುಟ್ಟುವುದೇ ಇಲ್ಲ. ಉತ್ತರದ ಟೈಪ್ ಯಾವುದು ಎಂದು ಕಾಣಿಸಿದ್ದರೆ ಇದು ತಾನಾಗಿ ಹೊಳೆಯುತ್ತಿತ್ತು. ಜೆಶೆಲ್‌ನ ಮೊದಲ ದೊಡ್ಡ ಕೊರತೆ ಇದೇ. ಕಲಿಯುವವನಿಗೆ ಬೇಕಾದ ಮುಖ್ಯ ಮಾಹಿತಿಯನ್ನೇ ಅದು ಮಾಮೂಲಿ ಸ್ಥಿತಿಯಲ್ಲಿ ತೋರಿಸುವುದಿಲ್ಲ. ಪರಿಹಾರ ಸುಲಭ: ಓರೆಗೀಟು ಹಾಕಿ ಸೆಟ್, ಫೀಡ್‌ಬ್ಯಾಕ್, ವರ್ಬೋಸ್ ಎಂಬ ಮೂರು ಪದ ಹೊಡೆಯಿರಿ. ಕೊನೆಯ ಎರಡರ ನಡುವೆ -ರಿಟೇನ್ ಎಂದು ಸೇರಿಸಿದರೆ ಮುಂದಿನ ಸಲ ತೆರೆದಾಗಲೂ ಅದೇ ಸ್ಥಿತಿ ಉಳಿಯುತ್ತದೆ. ಇನ್ನು ಮುಂದೆ ಪ್ರತಿ ಉತ್ತರದ ಕೆಳಗೂ ಅದು ಇಂಟೋ ಡಬಲ್ಲೋ (ದಶಾಂಶ ಸಂಖ್ಯೆಯ ಟೈಪ್) ಎಂಬ ಸಾಲು ಬರುತ್ತದೆ. ಈ ಒಂದು ಸೆಟ್ಟಿಂಗ್ ಮಾಡದೆ ಮುಂದೆ ಹೋಗಲೇಬೇಡಿ.

ಈಗ ಮೊದಲು ಹೇಳಿದ ಬೈಟ್ ಪ್ರಸಂಗಕ್ಕೆ ಬರೋಣ.

ಬೈಟ್ ಬ = 10
ಬ = ಬ + 1

ಎರಡನೆಯ ಸಾಲಿಗೆ ಎರರ್ ಬರುತ್ತದೆ: ಇಂಟ್‌ನಿಂದ ಬೈಟ್‌ಗೆ ಹೋಗುವಾಗ ಬೆಲೆ ನಷ್ಟವಾಗಬಹುದು ಎಂದು. ಸಂದೇಶಕ್ಕಿಂತ ಅದರ ಕೆಳಗಿನ ಗೆರೆಯನ್ನು ಗಮನಿಸಿ. ತಪ್ಪಿರುವ ಭಾಗದಡಿ ಜೆಶೆಲ್ ^---^ ಎಂದು ಗುರುತು ಹಾಕುತ್ತದೆ. ಆ ಗುರುತು ಬೀಳುವುದು ಬ + 1 ಅಡಿಗೆ. ಸಮ ಚಿಹ್ನೆಯ ಎಡಕ್ಕಿರುವ ಬ ಅಡಿಗೆ ಏನೂ ಇಲ್ಲ. ಅಂದರೆ ಕೂಡುವ ಹೊತ್ತಿಗೇ ಬೈಟ್ ಹೋಗಿ ಇಂಟ್ ಆಗಿಬಿಟ್ಟಿದೆ. ಬೈಟ್, ಶಾರ್ಟ್ (ಇನ್ನೊಂದು ಪುಟ್ಟ ಪೂರ್ಣಾಂಕ), ಚಾರ್ (ಒಂದು ಅಕ್ಷರ) ಇವು ಮೂರೂ ಲೆಕ್ಕಕ್ಕೆ ಇಳಿದ ಕೂಡಲೇ ಇಂಟ್ ಆಗುತ್ತವೆ ಎಂಬ ನಿಯಮ ಆ ಪುಟ್ಟ ಗೆರೆಯಲ್ಲಿದೆ. ಈಗ ಬ += 1 ಕೊಡಿ. ಉತ್ತರ 11, ಟೈಪ್ ಬೈಟ್. += ತನ್ನೊಳಗೇ ಒಂದು ಕಾಸ್ಟ್ (ಒಂದು ಟೈಪ್‌ನಿಂದ ಇನ್ನೊಂದಕ್ಕೆ ಬದಲಾವಣೆ) ಇಟ್ಟುಕೊಂಡಿದೆ; ಕೂಡಿದ ಮೇಲೆ ಎಡಗಡೆಯ ಟೈಪ್‌ಗೆ ತಾನೇ ಇಳಿಸುತ್ತದೆ. ಅನುಕೂಲವೂ ಅಪಾಯವೂ ಅಲ್ಲೇ ಇದೆ. ಬ ಮತ್ತೆ 10 ಮಾಡಿ ಬ += 300 ಕೊಟ್ಟರೆ ಬರುವುದು 54. ಮೊತ್ತ 310, ಬೈಟ್‌ನ 8 ಬಿಟ್‌ಗಳಲ್ಲಿ ಹಿಡಿಯದೆ 256 ಕಳೆದು ಉಳಿದದ್ದು ಅಷ್ಟು. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಹಾಗೆಯೇ ಇಂಟ್ 5ಕ್ಕೆ += 3.7 ಮಾಡಿದರೆ 8 ಸಿಗುತ್ತದೆ, 0.7 ಸದ್ದಿಲ್ಲದೆ ಹೋಗುತ್ತದೆ. ಇದು ನಿಜವಾದ ಪ್ರಾಜೆಕ್ಟ್‌ಗಳಲ್ಲಿ ಲೆಕ್ಕ ಕೆಡಿಸುವ ತಪ್ಪು. ಜೆಡಿಕೆ 20ರಿಂದ ಕಂಪೈಲರ್‌ನ ಎಕ್ಸ್‌ಲಿಂಟ್ ಆಯ್ಕೆಯಲ್ಲಿ ಲಾಸಿ-ಕನ್ವರ್ಶನ್ಸ್ ಎಂಬ ವಿಭಾಗ ಬಂದಿದೆ, ಅದನ್ನು ಹಾಕಿ ಕಂಪೈಲ್ ಮಾಡಿದರೆ ಇಂಥ ಸಾಲುಗಳು ಎಚ್ಚರಿಕೆಯಾಗಿ ಹೊರಬೀಳುತ್ತವೆ.

ಕಾಸ್ಟ್‌ಗಳ ವಿಷಯಕ್ಕೆ ಜೆಶೆಲ್‌ನಲ್ಲಿ ಒಂದು ಸಂಜೆ ಪೂರ್ತಿ ಕಳೆದರೂ ದಂಡವಲ್ಲ. (ಇಂಟ್) 3.99 ಕೊಟ್ಟರೆ 3, (ಇಂಟ್) -3.99 ಕೊಟ್ಟರೆ -3. ದಶಾಂಶ ಕತ್ತರಿಸಿ ಹೋಗುತ್ತದೆ, ಹತ್ತಿರದ ಸಂಖ್ಯೆಗೆ ಸರಿಹೊಂದುವುದಿಲ್ಲ. ಹತ್ತಿರದ ಸಂಖ್ಯೆ ಬೇಕಿದ್ದರೆ ಮ್ಯಾತ್ ಕ್ಲಾಸ್‌ನ ರೌಂಡ್ ಮೆಥಡ್ ಇದೆ. (ಬೈಟ್) 200 ಎಂದರೆ -56, ಯಾಕೆಂದರೆ ಬೈಟ್‌ನ ಮಿತಿ -128ರಿಂದ 127. ಇನ್ನು 10000000000.0 ಎಂಬ ಡಬಲ್ಲನ್ನು ಇಂಟ್‌ಗೆ ಇಳಿಸಿ ನೋಡಿ. ಸುತ್ತಿ ಬರುವುದಿಲ್ಲ, 2147483647ಕ್ಕೆ, ಅಂದರೆ ಇಂಟ್‌ನ ತುತ್ತತುದಿಗೆ ಬಂದು ನಿಲ್ಲುತ್ತದೆ. ಅದೇ ಸಂಖ್ಯೆಯನ್ನು ನೇರ ಬೈಟ್‌ಗೆ ಇಳಿಸಿದರೆ ಉತ್ತರ -1. ವಿಚಿತ್ರವಾಗಿ ಕಂಡರೂ ಕಾರಣ ಸ್ಪಷ್ಟ: ಡಬಲ್‌ನಿಂದ ಬೈಟ್‌ಗೆ ಹೋಗುವ ದಾರಿ ಇಂಟ್ ಮೂಲಕವೇ. ಮೊದಲ ಮೆಟ್ಟಿಲಲ್ಲಿ 2147483647 ಆಗಿ, ಎರಡನೆಯದರಲ್ಲಿ ಕೆಳಗಿನ 8 ಬಿಟ್ ಮಾತ್ರ ಉಳಿಯುತ್ತವೆ. ಆ ಎಂಟೂ 1 ಆಗಿರುವುದರಿಂದ -1.

ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ನಷ್ಟವಿಲ್ಲ ಎಂದು ಪಾಠಗಳಲ್ಲಿ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಫ್ಲೋಟ್ ಫ = 16777217 ಎಂದು ಕೊಡಿ. ಕಾಸ್ಟ್ ಇಲ್ಲದೆ ಒಪ್ಪಿಕೊಳ್ಳುತ್ತದೆ, ಆದರೆ ಒಳಗೆ ಕೂರುವುದು 16777216. ಫ್ಲೋಟ್ ಡಬಲ್‌ಗಿಂತ ಚಿಕ್ಕ ದಶಾಂಶ ಟೈಪ್, ಅದಕ್ಕೆ 24 ಬಿಟ್‌ಗಳಷ್ಟೇ ನಿಖರತೆ. ದೊಡ್ಡ ಪೂರ್ಣಾಂಕದ ಟೈಪ್ ಆದ ಲಾಂಗ್‌ನಿಂದ ಡಬಲ್‌ಗೆ ಹೋದಾಗಲೂ ಇದೇ ಕಥೆ, ಸಂಖ್ಯೆಗಳು ಇನ್ನೂ ದೊಡ್ಡವಿರಬೇಕು ಅಷ್ಟೇ.

ಚಾರ್ ಬಗ್ಗೆ ಕನ್ನಡ ಅಕ್ಷರ ಹಿಡಿದೇ ಕಲಿಯಬಹುದು. 'ಕ' + 1 ಕೊಟ್ಟರೆ 3222 ಬರುತ್ತದೆ, ಟೈಪ್ ಇಂಟ್. ಯೂನಿಕೋಡ್‌ನಲ್ಲಿ ಕ ಅಕ್ಷರದ ಸಂಖ್ಯೆ 3221. ಅದಕ್ಕೆ (ಚಾರ್) ಕಾಸ್ಟ್ ಹಾಕಿ, ಆವರಣದೊಳಗೆ 'ಕ' + 1 ಇಟ್ಟರೆ 'ಖ' ಎದುರಾಗುತ್ತದೆ. ಆದರೆ 'ಕಾ' ಎಂದು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಎರರ್. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಜಾವಾಗೆ ಅದು ಕ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಚಾರ್. ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಅಥವಾ ಚೌಕ ಕಂಡರೆ ಟರ್ಮಿನಲ್‌ನ ಎನ್‌ಕೋಡಿಂಗ್ ಮತ್ತು ಫಾಂಟ್ ನೋಡಿ, ಯುಟಿಎಫ್-8 ಇರಬೇಕು.

ಗುಣಾಕಾರದಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ಇದು:

ಲಾಂಗ್ ಮೊತ್ತ = 1000000 * 1000000

ಉತ್ತರ -727379968. ಎಡಗಡೆ ಲಾಂಗ್ ಇದ್ದರೇನು, ಬಲಗಡೆ ಎರಡೂ ಇಂಟ್. ಗುಣಾಕಾರ ಇಂಟ್‌ನಲ್ಲೇ ನಡೆದು, ಕೆಟ್ಟ ಮೇಲೆ ಲಾಂಗ್‌ಗೆ ಏರಿತು. ಯಾವುದಾದರೂ ಒಂದು ಸಂಖ್ಯೆಯ ಬಾಲಕ್ಕೆ ಎಲ್ ಅಕ್ಷರ ಸೇರಿಸಿದರೆ ಸರಿಯಾಗುತ್ತದೆ. ದೊಡ್ಡಕ್ಷರವನ್ನೇ ಬಳಸಿ, ಚಿಕ್ಕದು 1ರಂತೆ ಕಾಣುತ್ತದೆ. ಸಂಖ್ಯೆ ಮಿತಿ ಮೀರಿ ಉಕ್ಕಿದಾಗ ಸುಮ್ಮನಿರದೆ ಕಿರುಚಬೇಕು ಎಂದಿದ್ದರೆ ಮ್ಯಾತ್ ಕ್ಲಾಸ್‌ನ ಮಲ್ಟಿಪ್ಲೈ‌ಎಕ್ಸಾಕ್ಟ್ ಇದೆ, ಅದು ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ತಪ್ಪು ಹೇಳಿ ಅಲ್ಲೇ ನಿಲ್ಲುತ್ತದೆ.

ಶೇಷ ತೆಗೆಯುವ % ಚಿಹ್ನೆಗೆ ಋಣ ಸಂಖ್ಯೆ ಕೊಟ್ಟು ನೋಡದೆ ಬಿಡಬೇಡಿ. -7 % 2 ಎಂದರೆ -1. ಹಾಗಾಗಿ ಬೆಸ ಸಂಖ್ಯೆಯೇ ಎಂದು ಪರೀಕ್ಷಿಸಲು ಶೇಷ 1ಕ್ಕೆ ಸಮವೇ ಎಂದು ಕೇಳುವ ಕೋಡ್ ಋಣ ಸಂಖ್ಯೆಗಳಲ್ಲಿ ಸೋಲುತ್ತದೆ. 0ಗೆ ಸಮವಲ್ಲವೇ ಎಂದು ಕೇಳಬೇಕು. ಸೊನ್ನೆಯಿಂದ ಭಾಗಿಸಿದರೆ ಇಂಟ್‌ನಲ್ಲಿ ಎಕ್ಸೆಪ್ಷನ್, ಡಬಲ್‌ನಲ್ಲಿ ಇನ್ಫಿನಿಟಿ. ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವ ಶಿಫ್ಟ್‌ನಲ್ಲಿ 1 << 32 ಕೊಟ್ಟರೆ 1 ಬರುತ್ತದೆ, ಇಂಟ್‌ಗೆ ಶಿಫ್ಟ್ ದೂರದ ಕೆಳಗಿನ 5 ಬಿಟ್ ಮಾತ್ರ ಲೆಕ್ಕ.

ಅಸೈನ್‌ಮೆಂಟ್ ಕೂಡ ಒಂದು ಎಕ್ಸ್‌ಪ್ರೆಶನ್, ಅದಕ್ಕೂ ಬೆಲೆ ಮತ್ತು ಟೈಪ್ ಇದೆ ಎಂಬುದನ್ನು ಜೆಶೆಲ್ ಚೆನ್ನಾಗಿ ತೋರಿಸುತ್ತದೆ. ಡಬಲ್ ದ, ಇಂಟ್ ನ ಎಂದು ಎರಡು ವೇರಿಯಬಲ್ ಇಟ್ಟುಕೊಳ್ಳಿ. ದ = ನ = (ಇಂಟ್) 3.9 ಎಂದರೆ ದ ಒಳಗೆ 3.0. ಬಲದಿಂದ ಎಡಕ್ಕೆ ಸಾಗುವಾಗ ಕಾಸ್ಟ್ ಹತ್ತಿರವೇ 0.9 ಉದುರಿಹೋಯಿತು. ತಿರುಗಿಸಿ ನ = ದ = 3 ಕೊಡಿ: ಎರರ್. ಮೂಲದಲ್ಲಿದ್ದದ್ದು ಇಂಟ್ 3 ಆದರೂ ದ = 3 ಎಂಬುದರ ಟೈಪ್ ಡಬಲ್. ಮತ್ತೊಂದು: ನ 5 ಇರುವಾಗ ನ = ನ++ ಮಾಡಿದರೆ 5 ಆಗಿಯೇ ಉಳಿಯುತ್ತದೆ. ನ++ ಹಳೆಯ ಬೆಲೆ 5ನ್ನು ಕೈಗೆ ಕೊಟ್ಟು ನ ಅನ್ನು 6 ಮಾಡುತ್ತದೆ, ಮರುಕ್ಷಣವೇ ಆ 5 ಬಂದು 6ನ್ನು ಅಳಿಸುತ್ತದೆ. ನ += ನ++ ಮಾಡಿದರೆ 10; ಎಡಗಡೆಯ 5ನ್ನು ಮೊದಲೇ ಎತ್ತಿಟ್ಟುಕೊಂಡಿರುತ್ತದೆ. ಇಂಥದ್ದನ್ನು ಕೋಡ್‌ನಲ್ಲಿ ಯಾರೂ ಬರೆಯಬಾರದು, ಆದರೆ ಯಾವುದು ಮೊದಲು ನಡೆಯುತ್ತದೆ ಎಂಬುದನ್ನು ಇಷ್ಟು ಸ್ವಚ್ಛವಾಗಿ ತೋರಿಸುವ ಸಾಲು ಬೇರೆ ಸಿಗುವುದು ಕಷ್ಟ.

ಷರತ್ತಿನ ? : ಆಪರೇಟರ್‌ನಲ್ಲಿ ಎರಡೂ ಕವಲುಗಳ ಟೈಪ್ ಬೆರೆಯುತ್ತದೆ. ಟ್ರೂ ? 1 : 2.0 ಎಂದರೆ 1 ಬರದೆ 1.0 ಬರುತ್ತದೆ. ವರ್ಬೋಸ್ ಇದ್ದರೆ ಕೆಳಗೆ ಡಬಲ್ ಎಂದು ಕಾಣುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲ.

ಇನ್ನು ಜೆಶೆಲ್ ದಾರಿ ತಪ್ಪಿಸುವ ಕಡೆಗಳು. ಇಂಟ್ ಎ ಎಂದಷ್ಟೇ ಬರೆದು ಬೆಲೆ ಕೊಡದೆ ಬಿಟ್ಟರೆ ಜೆಶೆಲ್ 0 ತೋರಿಸುತ್ತದೆ. ಮೆಥಡ್ ಒಳಗಿನ ವೇರಿಯಬಲ್‌ಗೆ ಜಾವಾದಲ್ಲಿ ಅಂಥ ಸೌಲಭ್ಯವಿಲ್ಲ. ಬೆಲೆ ಕೊಡದೆ ಓದಿದರೆ ಕಂಪೈಲ್ ಆಗುವುದೇ ಇಲ್ಲ. ಜೆಶೆಲ್ ತನ್ನ ಮೇಲ್ಮಟ್ಟದ ವೇರಿಯಬಲ್‌ಗಳನ್ನು ಒಳಗೊಳಗೆ ಒಂದು ಕ್ಲಾಸ್‌ನ ಸ್ಟ್ಯಾಟಿಕ್ ಫೀಲ್ಡ್ (ಕ್ಲಾಸ್‌ಗೇ ಸೇರಿದ ವೇರಿಯಬಲ್) ಮಾಡಿ ಇಡುತ್ತದೆ, ಫೀಲ್ಡ್‌ಗಳಿಗೆ ಆರಂಭದ ಬೆಲೆ ತಾನಾಗಿ ಸಿಗುತ್ತದೆ. ಅದೇ ಹೆಸರನ್ನು ಬೇರೆ ಟೈಪ್‌ನಲ್ಲಿ ಮತ್ತೆ ಘೋಷಿಸಿದರೂ ಜೆಶೆಲ್ ಹಳೆಯದನ್ನು ಬದಲಿಸಿ ಮುಂದೆ ಹೋಗುತ್ತದೆ, ಪ್ರೋಗ್ರಾಮ್‌ನಲ್ಲಿ ಅದು ಎರರ್. ಮೂರನೆಯದು ಹೆಚ್ಚು ಸೂಕ್ಷ್ಮ. ಫೈನಲ್ ಇಂಟ್ ಮ = 10 ಇದ್ದರೆ ಬೈಟ್ ಬ = ಮ ಎಂಬುದನ್ನು ಜಾವಾ ಕಾಸ್ಟ್ ಇಲ್ಲದೆಯೇ ಒಪ್ಪುತ್ತದೆ, ಏಕೆಂದರೆ ಮ ಬದಲಾಗದ ಸ್ಥಿರಾಂಕ, 10 ಬೈಟ್‌ನಲ್ಲಿ ಹಿಡಿಯುತ್ತದೆ ಎಂದು ಕಂಪೈಲರ್‌ಗೆ ಮೊದಲೇ ಗೊತ್ತು. ಜೆಶೆಲ್ ಮೇಲ್ಮಟ್ಟದಲ್ಲಿ ಫೈನಲ್ ಪದವನ್ನು ಕಡೆಗಣಿಸುವುದರಿಂದ ಅಲ್ಲಿ ಎರರ್ ಬರುತ್ತದೆ. ಸರಿಯಾದ ಕೋಡನ್ನೇ ತಪ್ಪು ಎಂದು ತಿಳಿದುಕೊಳ್ಳುವ ಅಪಾಯವಿದೆ.

ಮೂರಕ್ಕೂ ಮದ್ದು ಒಂದೇ: ಸಾಲುಗಳನ್ನು ಒಂದು ಮೆಥಡ್ ಒಳಗೆ ಇಡಿ. ವಾಯ್ಡ್ ಪರೀಕ್ಷೆ() ಎಂದು ಶುರುಮಾಡಿ ಪುಷ್ಪಾವರಣ { ತೆರೆದರೆ ಜೆಶೆಲ್ ಮುಂದಿನ ಸಾಲಿಗೆ ಕಾಯುತ್ತದೆ. ಒಳಗಿನದಕ್ಕೆ ಜಾವಾದ ಪೂರ್ತಿ ನಿಯಮ ಅನ್ವಯಿಸುತ್ತದೆ. ಮೆಥಡ್ ಒಳಗೆ ಮಾತ್ರ ಪ್ರತಿ ಸಾಲಿಗೂ ಅರ್ಧವಿರಾಮ ಬೇಕೇ ಬೇಕು.

ಹಿಂದಿನ ಪ್ರಯೋಗದ ಬೆಲೆಗಳು ಹಾಗೇ ಉಳಿದಿರುತ್ತವೆ ಎಂಬುದೂ ನೆನಪಿರಲಿ. ನ++ ಎಂದು ಮೂರು ಸಲ ಹೊಡೆದು, ನಾಲ್ಕನೆಯ ಪ್ರಯೋಗದಲ್ಲಿ ಉತ್ತರ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಓರೆಗೀಟಿನ ಜೊತೆ ವಾರ್ಸ್ ಹೊಡೆದರೆ ಈಗಿರುವ ಎಲ್ಲ ವೇರಿಯಬಲ್‌ಗಳು ಟೈಪ್ ಮತ್ತು ಬೆಲೆ ಸಮೇತ ಸಾಲಾಗಿ ಬರುತ್ತವೆ, ರೀಸೆಟ್ ಹೊಡೆದರೆ ಎಲ್ಲ ಅಳಿಸಿ ಹೊಸದಾಗಿ ಶುರು. ಟೈಪ್ ತಿಳಿಯಲು ಇನ್ನೊಂದು ಚಂದದ ದಾರಿ: ಎಕ್ಸ್‌ಪ್ರೆಶನ್ ಬರೆದು, ಎಂಟರ್ ಒತ್ತದೆ, ಶಿಫ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿ ಬಿಟ್ಟು, ವಿ ಅಕ್ಷರ ಒತ್ತಿ. ಸರಿಯಾದ ಟೈಪನ್ನು ಮುಂದೆ ತಾನೇ ಸೇರಿಸಿ, ವೇರಿಯಬಲ್ ಹೆಸರಿಗೆ ಜಾಗ ಬಿಟ್ಟು ಕಾಯುತ್ತದೆ. ಮೊದಲು ಟೈಪ್ ಊಹಿಸಿ, ಆಮೇಲೆ ಇದನ್ನು ಒತ್ತಿ ತಾಳೆ ನೋಡುವ ಅಭ್ಯಾಸ ಮಾಡಿಕೊಂಡರೆ ಕೆಲವೇ ದಿನಗಳಲ್ಲಿ ಊಹೆ ತಪ್ಪುವುದು ನಿಲ್ಲುತ್ತದೆ.

ಹತ್ತಿಪ್ಪತ್ತು ಸಾಲು ಮೀರಿದ ಕೋಡ್‌ಗೆ ಜೆಶೆಲ್ ಹಿತವಲ್ಲ, ಹಿಂದಿನ ಸಾಲು ತಿದ್ದುವುದೇ ಕಿರಿಕಿರಿ. ಅಷ್ಟು ದೊಡ್ಡದಾದರೆ ಕಡತದಲ್ಲಿ ಬರೆಯಿರಿ. ಜೆಡಿಕೆ 11ರಿಂದ ಒಂದೇ ಕಡತದ ಪ್ರೋಗ್ರಾಮನ್ನು ಬೇರೆಯಾಗಿ ಕಂಪೈಲ್ ಮಾಡದೆ ಜಾವಾ ಆಜ್ಞೆಗೇ ಕೊಟ್ಟು ಓಡಿಸಬಹುದು. ಯಾವ ಆಪರೇಟರ್ ವೇಗ ಎಂದು ಅಳೆಯಲಂತೂ ಜೆಶೆಲ್ ಬಳಸಬೇಡಿ. ನಿಲ್ಲದ ಲೂಪ್‌ಗೆ ಸಿಕ್ಕಿಬಿದ್ದರೆ ಕಂಟ್ರೋಲ್ ಮತ್ತು ಸಿ ಒತ್ತಿ, ಅಲ್ಲಿಗೆ ಅದು ನಿಂತು ಮತ್ತೆ ನಿಮ್ಮ ಸಾಲಿಗೆ ಕಾಯುತ್ತದೆ.